ಲಯ ಹಿಡಿದವರಿಗೂ ಹೆಸರಿದೆ

‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಿಗೆ ಹೈದರಾಬಾದಿನ ಸನತ್‌ನಗರದ ಕನ್ನಡ ಮನೆಗಳಲ್ಲಿ ಇನ್ನೂ ವಯಸ್ಸಾಗಿಲ್ಲ. ಹಾಡಿದವರಾರು, ಸಂಗೀತ ಯಾರದು ಎಂದು ಕೇಳಿದರೆ ಮಕ್ಕಳೂ ಥಟ್ಟನೆ ಹೇಳುತ್ತಾರೆ. ಆ ಹಾಡುಗಳಿಗೆ ಸಂಗೀತ ಕೊಟ್ಟ ಇಳಯರಾಜ ಅವರ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು ಯಾರು ಎಂದರೆ ಮಾತ್ರ ಹಿರಿಯರೂ ಸುಮ್ಮನಾಗುತ್ತಾರೆ. ಆ ತಂಡದ ಡ್ರಮ್ಸ್ ಹೊಣೆಯನ್ನು ಬಹುಕಾಲ ಹೊತ್ತವರು ಪುರುಷೋತ್ತಮನ್, ಜೊತೆಗಾರರಿಗೆ ‘ಪುರು’. ಅವರ ಸೋದರ ಚಂದ್ರಶೇಖರ್ ಅದೇ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದರು. ಪುರು 2020ರ ಮೇ ತಿಂಗಳಲ್ಲಿ ತೀರಿಕೊಂಡರು.

ಆಗಿನ ರೆಕಾರ್ಡಿಂಗ್ ಹೇಗಿರುತ್ತಿತ್ತೆಂದು ತಿಳಿದರೆ ಈ ಕೆಲಸದ ತೂಕ ಗೊತ್ತಾಗುತ್ತದೆ. ಬೆಳಿಗ್ಗೆ ಇಳಯರಾಜ ಕಾಗದದ ಮೇಲೆ ನೊಟೇಶನ್ ಬರೆಯುತ್ತಿದ್ದರು. ವಾದ್ಯಗಾರರು ತಮ್ಮ ತಮ್ಮ ಭಾಗವನ್ನು ನಕಲು ಮಾಡಿಕೊಂಡು, ಒಂದಿಷ್ಟು ತಾಲೀಮು ಮಾಡಿ ಟೇಕ್‌ಗೆ ಕೂರಬೇಕು. ಪಿಟೀಲು, ಕೊಳಲು, ಗಿಟಾರ್, ತಬಲಾ ಎಲ್ಲವೂ ಒಟ್ಟಿಗೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಡ್ರಮ್ಸ್ ನುಡಿಸುವವರ ಬಲಗಾಲು ಬೇಸ್ ಡ್ರಮ್ಮಿನ ಪೆಡಲ್ ಮೇಲೆ, ಎಡಗಾಲು ಹೈಹ್ಯಾಟ್ ಮೇಲೆ, ಕೈಗಳು ಸ್ನೇರ್ ಮತ್ತು ಸಿಂಬಲ್‌ಗಳ ನಡುವೆ. ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಇಳಯರಾಜ ಹಾಡುಗಳಲ್ಲಿ ಪಲ್ಲವಿಗೆ ತಬಲಾ ಇದ್ದು, ನಡುವಿನ ವಾದ್ಯಭಾಗಕ್ಕೆ ಡ್ರಮ್ಸ್ ಬಂದು, ಚರಣಕ್ಕೆ ಮತ್ತೆ ತಬಲಾ ಮರಳುವುದುಂಟು. ಆ ತಿರುವಿನಲ್ಲಿ ಲಯ ಕೂದಲೆಳೆಯಷ್ಟು ಸರಿದರೂ ಹಾಡು ಮುಗ್ಗರಿಸುತ್ತದೆ. ಅದು ಮುಗ್ಗರಿಸದಂತೆ ವರ್ಷಗಟ್ಟಲೆ ಕಾದವರು ಪುರು. ಇಂಥ ದುಡಿಮೆಗೆ ಸಂಭಾವನೆ ಕಾಲ್‌ಶೀಟಿನ ಲೆಕ್ಕದಲ್ಲಿ. ಹಾಡು ನಾಲ್ಕು ದಶಕ ಬಾಳಿದರೂ ಅದು ಬೆಳೆಯದು.

ಇಳಯರಾಜ ಕೂಡ ಹೀಗೆಯೇ ಬಂದವರು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಎಷ್ಟೋ ಕನ್ನಡ ಹಾಡುಗಳಿಗೆ ಕೈಜೋಡಿಸಿದರು. ಮುಂದೆ ಸ್ವಂತ ಹೆಸರು ಮಾಡಿದ್ದರಿಂದ ಆ ದಿನಗಳೂ ದಾಖಲೆಗೆ ಸೇರಿದವು. ಅವರ ಪಕ್ಕದಲ್ಲೇ ಕುಳಿತು ನುಡಿಸಿದ ಉಳಿದವರನ್ನು ಹುಡುಕುವುದೆಲ್ಲಿ?

ನಮ್ಮ ಸನತ್‌ನಗರ ದುಡಿಮೆಗಾರರ ಊರು. ಇಲ್ಲಿನ ಆಲ್ವಿನ್ ಕಾರ್ಖಾನೆಯ ಫ್ರಿಜ್ಜಿನ ಮೇಲೂ ಕಂಪನಿಯ ಹೆಸರಷ್ಟೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಫ್ರಿಜ್ಜನ್ನು ಯಾರು ಜೋಡಿಸಿದರೂ ಒಂದೇ ಬಗೆಯಾಗಿ ಬರಬೇಕು. ಹಾಡು ಹಾಗಲ್ಲ. ಒಂದೇ ನೊಟೇಶನ್ನನ್ನು ಇಬ್ಬರ ಮುಂದಿಟ್ಟರೆ ಎರಡು ನಡೆ ಹುಟ್ಟುತ್ತವೆ. ನುಡಿಸಿದವರ ಕೈ ಕಿವಿಗೆ ಗೊತ್ತಾಗುತ್ತದೆ.

ಹೆಸರು ಮರೆಯಾದರೆ ಆಗುವ ನಷ್ಟ ಮರ್ಯಾದೆಯದಷ್ಟೇ ಅಲ್ಲ. ಅಮೆರಿಕದ ಕ್ಲೈಡ್ ಸ್ಟಬಲ್‌ಫೀಲ್ಡ್ 1970ರಲ್ಲಿ ಬಂದ ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ಸ್ ಸಾವಿರಕ್ಕೂ ಮಿಕ್ಕಿದ ಹಾಡುಗಳಲ್ಲಿ ಮರುಬಳಕೆಯಾಯಿತು. ಹಾಡಿನ ಕರ್ತೃ ಎಂದು ಅವರ ಹೆಸರಿರಲಿಲ್ಲವಾದ್ದರಿಂದ ರಾಯಧನದ ಹಕ್ಕು ಅವರದಾಗಲಿಲ್ಲ. ಅವರು 2017ರಲ್ಲಿ ನಿಧನರಾದರು.

ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯ್ದೆ ಕಲಾವಿದರಿಗೆ ರಾಯಧನದ ಹಕ್ಕು ಕೊಟ್ಟಿದೆ. ಆದರೆ ಸಿನಿಮಾದ ಮಟ್ಟಿಗೆ ಒಂದು ಷರತ್ತಿದೆ: ಒಬ್ಬರ ಪಾಲು ಕೇವಲ ಪ್ರಾಸಂಗಿಕ ಎನಿಸಿ, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಎಲ್ಲಿಯೂ ಹಾಕದಿದ್ದರೆ, ಆ ಹಕ್ಕಿನ ಮಟ್ಟಿಗೆ ಅವರು ಕಲಾವಿದರೇ ಅಲ್ಲ. ಹಾಡಿನುದ್ದಕ್ಕೂ ಲಯ ಹಿಡಿದು ನಡೆಸುವವರ ಪಾಲು ಪ್ರಾಸಂಗಿಕವಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ಆದರೆ ಹೆಸರೇ ಇಲ್ಲದವರು ಯಾವ ಆಧಾರ ಹಿಡಿದು ವಾದಿಸಬೇಕು? ಹೆಸರು ಹಾಕದಿರುವ ರೂಢಿಯೇ ಹಕ್ಕಿಗೆ ಅಡ್ಡಬರುತ್ತದೆ. ಆದ್ದರಿಂದ ರೂಢಿ ಬದಲಾಗಬೇಕು. ಕ್ಯಾಸೆಟ್ ಹೊದಿಕೆಯಲ್ಲಿ ಜಾಗವಿಲ್ಲ ಎನ್ನಬಹುದಿತ್ತು. ಇಂದಿನ ಡಿಜಿಟಲ್ ಬಿಡುಗಡೆಗೆ ಆ ನೆಪವೂ ಇಲ್ಲ.

ನಮ್ಮಿಂದಾಗುವುದನ್ನು ನಾವು ಶುರುಮಾಡುತ್ತಿದ್ದೇವೆ. ಈ ಸಂಚಿಕೆಯಿಂದ ಸಂಗೀತದ ಬರಹಗಳಲ್ಲಿ ವಾದ್ಯಗಾರರ ಹೆಸರುಗಳನ್ನೂ ಅಚ್ಚುಮಾಡುತ್ತೇವೆ. ಸಂಘದ ಆಹ್ವಾನ ಪತ್ರಿಕೆಗಳಲ್ಲಿ ‘ಮತ್ತು ವೃಂದ’ ಎಂದು ಮುಗಿಸದೆ ಎಲ್ಲರ ಹೆಸರು ಹಾಕಿ ಎಂದು ಕೋರುತ್ತೇವೆ. ಅಮೀರ್‌ಪೇಟೆ, ಕೃಷ್ಣಾನಗರದ ಸ್ಟುಡಿಯೊಗಳಲ್ಲೋ ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ನುಡಿಸಿದ ಕನ್ನಡಿಗರು ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇದ್ದರೆ ಯಾವ ಹಾಡು, ಯಾವ ವರ್ಷ, ಯಾವ ವಾದ್ಯ ಎಂದು ಅವರನ್ನೇ ಕೇಳಿ ನಮಗೆ ಬರೆದು ಕಳಿಸಿ.