ದೃಢೀಕರಣದಾಚೆಯ ಮೂರು ವರ್ಷ

ವರ್ಷ ಮುಗಿಯುತ್ತ ಬಂದಾಗ ಸಭೆಗಳು ಲೆಕ್ಕಪತ್ರ ಒಪ್ಪಿಸುತ್ತವೆ. ಕಾಣಿಕೆ ಎಷ್ಟು ಬಂತು, ಸುಗ್ಗಿ ಹಬ್ಬದ ಹರಾಜಿನಲ್ಲಿ ಎಷ್ಟು ಕೂಡಿತು, ಸುಣ್ಣಬಣ್ಣಕ್ಕೆ ಎಷ್ಟು ಹೋಯಿತು ಎಂಬುದಕ್ಕೆಲ್ಲ ಪೈಸೆ ಪೈಸೆಯ ಲೆಕ್ಕವಿರುತ್ತದೆ. ಮೂರು ವರ್ಷದ ಹಿಂದೆ ದೃಢೀಕರಣ ಹೊಂದಿದ ಹುಡುಗ ಹುಡುಗಿಯರು ಈಗ ಎಲ್ಲಿದ್ದಾರೆ, ಅವರ ನಂಬಿಕೆ ಹೇಗಿದೆ ಎಂಬ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಕಳೆದ ದಶಕದ ನಮ್ಮ ಸೇವೆಯನ್ನು ಹಿಂತಿರುಗಿ ನೋಡುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಕೊರತೆಯೇ.

ಮಕ್ಕಳ ನಡುವಿನ ಕೆಲಸದಲ್ಲಿ ನಮಗೆ ಒಳ್ಳೆಯ ಪರಂಪರೆಯಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ಬಡ ಮಕ್ಕಳಿಗೆಂದು ಆರಂಭಿಸಿದ ಭಾನುವಾರದ ಶಾಲೆ ದೇಶದೇಶಕ್ಕೆ ಹಬ್ಬಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾರ್ಥನಾಲಯದ ಜೊತೆಗೇ ಶಾಲೆಗಳನ್ನೂ ಕಟ್ಟಿದರು. ಇಂದಿಗೂ ಮಂಗಳೂರಿನಿಂದ ಧಾರವಾಡದವರೆಗೆ, ಮೈಸೂರಿನಿಂದ ಬಳ್ಳಾರಿಯವರೆಗೆ ಸಂಡೇ ಸ್ಕೂಲ್ ನಿಂತಿಲ್ಲ. ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ನಲ್ಲಿ ಕಲಿತ ಹಾಡುಗಳು ಮಕ್ಕಳ ಬಾಯಲ್ಲಿ ವರ್ಷವಿಡೀ ಉಳಿಯುತ್ತವೆ. ಬಿಡಿಗಾಸೂ ಬಯಸದೆ ದುಡಿದ ಟೀಚರುಗಳಿಗೆ ಸಭೆ ಎಷ್ಟು ಕೃತಜ್ಞವಾಗಿದ್ದರೂ ಸಾಲದು.

ಈಗ ದೃಢೀಕರಣದ ಭಾನುವಾರವನ್ನು ನೆನೆಯಿರಿ. ಬಿಳಿ ಉಡುಪು ತೊಟ್ಟ ಮಕ್ಕಳು ಸಾಲಾಗಿ ಮೊಣಕಾಲೂರುತ್ತಾರೆ. ಬಿಷಪ್ಪರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮೊದಲ ಸಲ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವಾಗ ಕೆಲವರ ಕೈ ನಡುಗುತ್ತದೆ. ಹಿಂದಿನ ಬೆಂಚಿನ ಅಜ್ಜಿಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಸರ್ಟಿಫಿಕೇಟು, ಕೈಗೊಂದು ಸತ್ಯವೇದ, ಗ್ರೂಪ್ ಫೋಟೊ. ಆ ಮಕ್ಕಳು ಅಂದು ಕೊಡುವ ಮಾತು ಮನಃಪೂರ್ವಕವಾದದ್ದು. ಅದನ್ನು ನಡೆಸಿಕೊಳ್ಳಲು ಬೇಕಾದ ಜೊತೆ ಮಾತ್ರ ಮರುವಾರದಿಂದ ಇಲ್ಲ.

ದೃಢೀಕರಣ ಬರುವ ಸಮಯವನ್ನೇ ನೋಡಿ. ದೃಢೀಕರಣದ ತರಗತಿ ಎಷ್ಟೋ ಕಡೆ ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬರುತ್ತದೆ. ಎಸ್ಸೆಸ್ಸೆಲ್ಸಿ ಎಂದರೆ ಭಾನುವಾರವೂ ಟ್ಯೂಷನ್. ಅದು ಮುಗಿದರೆ ಪಿಯುಸಿ, ಊರು ಬಿಟ್ಟು ಹಾಸ್ಟೆಲು, ಬೆನ್ನಿಗೇ ನೀಟ್, ಸಿಇಟಿ. ಸಂಡೇ ಸ್ಕೂಲಿಗೆ ದೊಡ್ಡವರಾದರು. ಯೌವನಸ್ಥರ ಕೂಟಕ್ಕೆ ಇನ್ನೂ ಚಿಕ್ಕವರು. ಅಲ್ಲಿನ ಅಣ್ಣಂದಿರು, ಅಕ್ಕಂದಿರು ಕೆಲಸ, ಮದುವೆಯ ಮಾತಿನಲ್ಲಿರುತ್ತಾರೆ. ಪದವಿ ಕಾಲೇಜು ಸೇರಿದ ಮೇಲೆ 1912ರಿಂದ ನಡೆದುಬಂದ ಎಸ್‌ಸಿಎಂ, 1954ರಲ್ಲಿ ಹುಟ್ಟಿದ ಯುಇಎಸ್‌ಐ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳು ಎಷ್ಟೋ ಮಂದಿಯ ಕೈ ಹಿಡಿದಿವೆ. ಹದಿನೈದು ದಾಟಿ ಹದಿನೆಂಟು ಮುಟ್ಟದವರು ಯಾರ ಜವಾಬ್ದಾರಿ ಎಂದು ಕೇಳಿದರೆ ಸಭಾ ಸಮಿತಿ ಸುಮ್ಮನಾಗುತ್ತದೆ.

ಕೊರೋನಾ ಈ ಕಂದಕವನ್ನು ಅಗಲ ಮಾಡಿತು. 2020ರ ಮಾರ್ಚಿನಲ್ಲಿ ದೇವಾಲಯಗಳು ಮುಚ್ಚಿದಾಗ ಆರಾಧನೆ ಮೊಬೈಲಿಗೆ ಬಂತು. ಬಾಗಿಲು ತೆರೆದ ಮೇಲೆ ಚಿಕ್ಕವರು ಅಪ್ಪ ಅಮ್ಮನ ಕೈ ಹಿಡಿದು ಮರಳಿದರು. ಹದಿಹರೆಯದವರಲ್ಲಿ ಹಲವರು ಮೊಬೈಲಿನಲ್ಲೇ ಉಳಿದರು. ಅಲ್ಲಿ ಬೋಧನೆಗೆ ಬರವಿಲ್ಲ. ಕೇಳಿದ್ದರಲ್ಲಿ ಯಾವುದು ಸರಿ ಎಂದು ಕೂತು ಮಾತಾಡುವವರಿಗೆ ಬರವಿದೆ.

ಈ ವಯಸ್ಸಿನವರಿಗೆ ದೇವರ ವಿಷಯ ಬೇಡವಾಗಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದು ಹಳ್ಳಿಯ ಸಭೆಯಲ್ಲಿ, ಹೆಸರು ಹಾಕದೆ ಪ್ರಶ್ನೆ ಬರೆದುಕೊಡಿ ಎಂದಾಗ ಬಂದ ಚೀಟಿಗಳನ್ನು ಓದಿದ್ದೇನೆ. ಅಪ್ಪ ಕುಡಿಯುವುದನ್ನು ಬಿಡಲಿ ಎಂದು ದಿನಾ ಪ್ರಾರ್ಥಿಸುತ್ತೇನೆ, ದೇವರಿಗೆ ಯಾಕೆ ಕೇಳಿಸುತ್ತಿಲ್ಲ? ಗೆಳತಿಯ ಮನೆಯ ಗೌರಿ ಹಬ್ಬದ ಊಟಕ್ಕೆ ಹೋದರೆ ತಪ್ಪೇ? ಫೋನಿನಲ್ಲಿ ನೋಡಬಾರದ್ದನ್ನು ನೋಡಿದೆ, ಯಾರಿಗೆ ಹೇಳಲಿ? ಬಾಯಿಪಾಠದ ಉತ್ತರಗಳು ಈ ಚೀಟಿಗಳ ಮುಂದೆ ನಿಲ್ಲುವುದಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಯೇಸುಸ್ವಾಮಿ ದೇವಾಲಯದ ಬೋಧಕರನ್ನು ಪ್ರಶ್ನಿಸಿದ್ದನ್ನು ಲೂಕನು ದಾಖಲಿಸಿದ್ದಾನೆ. ಆ ಬೋಧಕರಿಗಿದ್ದ ತಾಳ್ಮೆ ನಮಗೂ ಬರಬೇಕು.

ಕಥೋಲಿಕ ಬಂಧುಗಳು 2018ರ ಅಕ್ಟೋಬರಿನಲ್ಲಿ ಯುವಜನರಿಗಾಗಿಯೇ ರೋಮಿನಲ್ಲಿ ಬಿಷಪ್ಪರ ಸಿನೊಡ್ ನಡೆಸಿದರು. ಮರುವರ್ಷ ಬಂದ ಪೋಪ್ ಫ್ರಾನ್ಸಿಸರ ‘ಕ್ರಿಸ್ತುಸ್ ವೀವಿತ್’ ಎಂಬ ಉಪದೇಶಪತ್ರ ಯುವಜನರನ್ನು ನಾಳೆಗೆಂದು ಕಾಯಿಸದೆ ಇಂದಿನ ಸಭೆಯೆಂದೇ ಕಂಡಿತು. 2025ರ ಸೆಪ್ಟೆಂಬರಿನಲ್ಲಿ ಸಂತಪದವಿಗೇರಿದ ಕಾರ್ಲೊ ಅಕ್ಯುಟಿಸ್ ತೀರಿಕೊಂಡದ್ದು 15ರ ಹರೆಯದಲ್ಲಿ. ನಾವು ಯಾರಿಗೂ ವಹಿಸದೆ ಬಿಟ್ಟ ವಯಸ್ಸೇ ಅದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಮನೆ. 1529ರಲ್ಲಿ ಲೂಥರ್ ಕಿರು ಪ್ರಶ್ನೋತ್ತರವನ್ನು ಬರೆದದ್ದು ಮನೆಯ ಯಜಮಾನ ಮನೆಮಂದಿಗೆ ಕಲಿಸಲೆಂದು. ನಾವು ಆ ಕಲಿಸುವ ಕೆಲಸವನ್ನು ಪೂರ್ತಿ ಸಭಾಪಾಲಕರ ತಲೆಗೆ ಕಟ್ಟಿದೆವು. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷದ ಕುಟುಂಬ ಪ್ರಾರ್ಥನೆ, ಅದರಲ್ಲಿ ಮಗುವಿನ ಪ್ರಶ್ನೆಗೂ ಜಾಗ, ಯಾವ ಶಿಬಿರಕ್ಕೂ ಕಡಿಮೆಯಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡದ ಗೀತೆ ಪುಸ್ತಕ ತಡವರಿಸುವ ಮಕ್ಕಳಿಗೆ ಅಜ್ಜಿಯ ಪ್ರಾರ್ಥನೆಯ ಭಾಷೆ ಕಿವಿಗೆ ಬೀಳುವುದೂ ಅಲ್ಲಿಯೇ.

ಎರಡನೆಯದು ಹೊಣೆ. ವಾಕ್ಯ ಓದುವುದು, ಕೀಬೋರ್ಡ್ ನುಡಿಸುವುದು, ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಬರುವುದು, ಇವನ್ನೆಲ್ಲ ಯುವ ಭಾನುವಾರಕ್ಕೆ ಮೀಸಲಿಡದೆ ವರ್ಷವಿಡೀ ಈ ಹದಿಹರೆಯದವರಿಗೆ ಕೊಡೋಣ. ತಪ್ಪಿದರೆ ತಿದ್ದೋಣ, ಗದರುವುದು ಬೇಡ.

ಮೂರನೆಯದು ಸುರಕ್ಷತೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದ ಪ್ರತಿಯೊಬ್ಬರೂ ಮಕ್ಕಳೇ. ದೌರ್ಜನ್ಯದ ಸುಳಿವು ಸಿಕ್ಕರೂ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದು ಕಾನೂನಿಗೂ ದೇವರಿಗೂ ವಿರುದ್ಧ. ಶಿಬಿರದಲ್ಲಾಗಲಿ ಆಪ್ತ ಸಮಾಲೋಚನೆಯಲ್ಲಾಗಲಿ ಮುಚ್ಚಿದ ಕೋಣೆಯಲ್ಲಿ ದೊಡ್ಡವರೊಬ್ಬರೇ ಮಗುವಿನೊಂದಿಗೆ ಇರಬಾರದೆಂಬ ನಿಯಮ ಪ್ರತಿ ಸಭೆಯಲ್ಲೂ ಬರಹದಲ್ಲಿರಲಿ.

ಕೊನೆಯದು ಒಪ್ಪಿಸುವ ಕೆಲಸ. ಮಗು ಹಾಸ್ಟೆಲಿಗೆ ಹೊರಟ ವಾರವೇ ಆ ಊರಿನ ಸಭಾಪಾಲಕರಿಗೆ ನಮ್ಮ ಸಭಾಪಾಲಕರಿಂದ ಒಂದು ಫೋನು ಹೋಗಲಿ. ಅಲ್ಲಿ ಒಂದು ಕುಟುಂಬ ಆ ಮಗುವನ್ನು ತಿಂಗಳಿಗೊಮ್ಮೆ ಭಾನುವಾರದ ಊಟಕ್ಕೆ ಕರೆಯಲಿ. ಮುಂದಿನ ದೃಢೀಕರಣದ ದಿನ ಗೊತ್ತುಮಾಡುವ ಸಭಾ ಸಮಿತಿ ಅದೇ ಸಭೆಯಲ್ಲಿ, ಈ ಮಕ್ಕಳ ಜೊತೆ ಮೂರು ವರ್ಷ ನಡೆಯುವ ಇಬ್ಬರು ಹಿರಿಯರ ಹೆಸರನ್ನೂ ನಿರ್ಣಯದಲ್ಲಿ ಬರೆಯಲಿ. ಆ ಇಬ್ಬರು ಸಿಗುವವರೆಗೆ ದಿನ ಗೊತ್ತುಮಾಡುವುದು ಬೇಡ.