ವಾಟ್ ಎಷ್ಟು ಎಂದಷ್ಟೇ ಕೇಳಬೇಡಿ

ಮಿಕ್ಸಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವಾಟ್?’ ೫೦೦ ಸಾಲದು, ೭೫೦ ಮಾಮೂಲು, ೧೦೦೦ ಇದ್ದರೆ ಇನ್ನೂ ಒಳ್ಳೆಯದು ಎಂಬುದು ಅಂಗಡಿಯವರ ಲೆಕ್ಕ. ಈಗ ಅವುಗಳ ಪಕ್ಕದಲ್ಲಿ ‘ಹೈ ಪರ್ಫಾರ್ಮೆನ್ಸ್ ಬ್ಲೆಂಡರ್’ ಎಂಬ ೧೪೦೦-೧೫೦೦ ವಾಟ್‌ನ ಭೀಮಸೇನರೂ ಬಂದು ಕೂತಿದ್ದಾರೆ. ಮೂವತ್ತು ಸಾವಿರ ರೂಪಾಯಿ ದಾಟುವವೂ ಇವೆ. ಸಂಬಳದ ಮೇಲೆ ಸಂಸಾರ ನಡೆಸುವವರಿಗೆ ಇದು ಚಿಲ್ಲರೆ ಹಣವಲ್ಲ.

ವಾಟ್ ಎಂಬುದು ಯಂತ್ರ ಕುಡಿಯುವ ವಿದ್ಯುತ್ತಿನ ಅಳತೆ, ಅದು ಮಾಡುವ ಕೆಲಸದ್ದಲ್ಲ. ಕುಡಿದದ್ದರಲ್ಲಿ ಒಂದು ಪಾಲು ಮೋಟಾರಿನಲ್ಲೇ ಶಾಖವಾಗಿ ಹೋಗುತ್ತದೆ. ಉಳಿದದ್ದು ಬ್ಲೇಡಿಗೆ. ನಿಮಿಷಕ್ಕೆ ೧೮,೦೦೦ ಸುತ್ತು ತಿರುಗುವ, ನಡುವಿನಿಂದ ೩ ಸೆಂಟಿಮೀಟರ್ ಉದ್ದದ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು ೨೦೦ ಕಿಲೋಮೀಟರ್! ಹುಡುಗರಿಗೆ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಲೆಕ್ಕ ಮಾಡಿಸಿದರೆ ನಂಬುತ್ತಾರೆ. ಹೀಗೆ ಕಲಕಿದ ಶಕ್ತಿಯೂ ಕೊನೆಗೆ ಜಾರಿನೊಳಗೆ ಶಾಖವಾಗಲೇಬೇಕು. ೧೮೪೦ರ ದಶಕದಲ್ಲಿ ಇಂಗ್ಲೆಂಡಿನ ಜೂಲ್ ನೀರಿನಲ್ಲಿ ಚಕ್ರ ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆದದ್ದು ಇದನ್ನೇ. ೩೦೦ ವಾಟ್‌ನಷ್ಟು ಶಕ್ತಿ ಒಂದು ಲೀಟರ್ ನೀರಿಗೆ ಸೇರಿದರೆ ನಿಮಿಷಕ್ಕೆ ಸುಮಾರು ೪ ಡಿಗ್ರಿ ಏರುತ್ತದೆ.

ದೊಡ್ಡ ಬ್ಲೆಂಡರಿನವರು ಒಲೆಯಿಲ್ಲದೆ ಸೂಪು ಬಿಸಿ ಮಾಡಿ ತೋರಿಸುವುದರ ಗುಟ್ಟು ಇಷ್ಟೇ. ಸೂಪಿಗೆ ಗುಣವಾದದ್ದು ಇಡ್ಲಿ ಹಿಟ್ಟಿಗೆ ದೋಷ. ಉದ್ದಿನಹಿಟ್ಟು ರುಬ್ಬುವಾಗಲೇ ಬಿಸಿಯಾದರೆ ಚೆನ್ನಾಗಿ ಹುದುಗುವುದಿಲ್ಲ. ನಮ್ಮ ಹೆಂಗಸರು ಆಗಾಗ ತಣ್ಣೀರು ಚಿಮುಕಿಸುವುದು ಸುಮ್ಮನೆ ಅಲ್ಲ. ೧೫೦ ವಾಟ್‌ನ ಪುಟ್ಟ ವೆಟ್ ಗ್ರೈಂಡರು ಹೊತ್ತು ಹೆಚ್ಚು ತೆಗೆದುಕೊಂಡರೂ ಈ ಕೆಲಸದಲ್ಲಿ ಹತ್ತು ಪಟ್ಟು ವಾಟ್‌ನ ಯಂತ್ರವನ್ನು ಸೋಲಿಸುತ್ತದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ದಿನವೂ ಏನು ಅರೆಯುತ್ತೀರಿ ಎಂಬುದು ಮೊದಲ ಪ್ರಶ್ನೆಯಾಗಬೇಕು. ಉದ್ದ ಜಾರಿನ ಬ್ಲೆಂಡರಿಗೆ ಒಳಗಿನದು ಸುಳಿಯಾಗಿ ತಿರುಗಲು ಧಾರಾಳ ದ್ರವ ಬೇಕು. ಹಣ್ಣಿನ ರಸ, ಸೊಪ್ಪಿನ ಸೂಪು, ಬಾದಾಮಿ ಹಾಲು ನುಣ್ಣಗೆ ಆಗುತ್ತವೆ, ಒಪ್ಪಿದೆ. ಇಬ್ಬರಿಗೆ ಒಂದು ಹಿಡಿ ಕಾಯಿಚಟ್ನಿ ಹಾಕಿ ನೋಡಿ, ಎಲ್ಲ ಗೋಡೆಗೆ ಅಂಟಿ ಕೂರುತ್ತದೆ. ಚಟ್ನಿಪುಡಿಗೆ, ಸಾರಿನಪುಡಿಗೆ ಬೇಕಾದದ್ದು ಚಿಕ್ಕ ಸ್ಟೀಲ್ ಜಾರ್. ೧೯೬೦ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ‘ಸುಮೀತ್’ ಮಿಕ್ಸಿ ರೂಪಿಸಿದ್ದೇ ವಿದೇಶಿ ಯಂತ್ರ ನಮ್ಮ ಅರೆಯುವಿಕೆಯನ್ನು ತಾಳದೆ ಸುಟ್ಟುಹೋದದ್ದರಿಂದ.

ಅಮೆರಿಕದಲ್ಲಿರುವ ಮಕ್ಕಳು ಬ್ಲೆಂಡರ್ ತರುತ್ತೇವೆಂದರೆ ಬೇಡವೆನ್ನಿ. ಅದು ೧೨೦ ವೋಲ್ಟಿನದು. ನಮ್ಮ ೨೩೦ಕ್ಕೆ ನೇರ ಚುಚ್ಚಿದರೆ ಮೋಟಾರು ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳೋಣವೆಂದರೆ ಅದರ ತೂಕವೇ ಬ್ಲೆಂಡರಿಗಿಂತ ಹೆಚ್ಚು. ಇಲ್ಲೇ ಕೊಂಡರೂ ೧೫೦೦ ವಾಟ್ ಎಂದರೆ ಆರೂವರೆ ಆಂಪಿಯರ್. ೬ ಆಂಪಿಯರಿನ ಚಿಕ್ಕ ಪ್ಲಗ್ ಸಾಲದು, ೧೬ರದೇ ಬೇಕು.

ಅಂಗಡಿಯಲ್ಲಿ ಯಂತ್ರವನ್ನು ತಲೆಕೆಳಗು ಮಾಡಿ ತಳದ ಚೀಟಿ ಓದಿ. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ನಿಲ್ಲಿಸಬೇಕೆಂದು ಅಲ್ಲಿ ಬರೆದಿರುತ್ತದೆ. ಸಮೀಪದಲ್ಲೇ ಒಂದು ಪುಟ್ಟ ಗುಂಡಿಯೂ, ಸಾಮಾನ್ಯವಾಗಿ ಕೆಂಪು ಬಣ್ಣದ್ದು, ಇರುತ್ತದೆ. ಭಾರ ಹೆಚ್ಚಾಗಿ ಮಿಕ್ಸಿ ತಟ್ಟನೆ ನಿಂತರೆ ರಿಪೇರಿಯವನಿಗೆ ಹೇಳಿ ಕಳಿಸುವ ಮುನ್ನ ಪ್ಲಗ್ ತೆಗೆಯಿರಿ, ಜಾರಿನಿಂದ ಸ್ವಲ್ಪ ಹೊರತೆಗೆಯಿರಿ, ಹತ್ತು ನಿಮಿಷ ಆರಲು ಬಿಟ್ಟು ಆ ಗುಂಡಿ ಒತ್ತಿ ನೋಡಿ.