ಹೆದರಿಸಿ ಮಾರುವ ಮದ್ದು

ಪೆನ್‌ಡ್ರೈವ್ ಹಾಕಿದ ಕೂಡಲೇ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವುದು ಪಿಯು ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಹೋದ ಪೆನ್‌ಡ್ರೈವ್ ಮರುದಿನ ಲ್ಯಾಬ್‌ಗೆ ಬರುತ್ತದೆ, ಸಂಜೆ ಮನೆಗೆ ಹೋಗುತ್ತದೆ. ವೈರಸ್ ಕೂಡ ಅದೇ ದಾರಿ ಹಿಡಿಯುತ್ತದೆ. ಆದರೆ ವೈರಸ್‌ಗಿಂತ ದೊಡ್ಡ ಅಪಾಯ ನಂತರ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಗಾಬರಿಯಿಂದ ‘ವೈರಸ್ ರಿಮೂವರ್’ ಎಂದು ಹುಡುಕಿ, ಮೊದಲು ಸಿಕ್ಕಿದ್ದನ್ನೇ ಡೌನ್‌ಲೋಡ್ ಮಾಡುತ್ತೇವಲ್ಲ, ಆಗ.

ವೈರಸ್ ತೆಗೆಯುವ ಸಾಫ್ಟ್‌ವೇರ್‌ಗೆ ಕಂಪ್ಯೂಟರಿನ ಸಂಪೂರ್ಣ ಅನುಮತಿ ಬೇಕು. ಅದು ಪ್ರತಿಯೊಂದು ಫೈಲನ್ನೂ ಓದಬಲ್ಲದು, ಅಳಿಸಬಲ್ಲದು. ನಮ್ಮ ಕಂಪ್ಯೂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಸ್ಕ್ಯಾನ್, ತಂದೆಯ ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಎಲ್ಲವೂ ಇರುತ್ತವೆ. ಇವೆಲ್ಲವನ್ನೂ ಹೆಸರೇ ಕೇಳದ ಒಂದು ಪ್ರೋಗ್ರಾಂ ಕೈಗೆ ಒಪ್ಪಿಸುವುದು, ಬೀಗ ರಿಪೇರಿಗೆ ಬಂದ ಅಪರಿಚಿತನಿಗೆ ಮನೆಯ ಕೀಲಿಗೊಂಚಲನ್ನೇ ಕೊಟ್ಟಂತೆ.

ಈ ದಂಧೆ ಹಳೆಯದು. 2008ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ‘ಇನ್ನೋವೇಟಿವ್ ಮಾರ್ಕೆಟಿಂಗ್’ ಎಂಬ ಕಂಪನಿಯ ವಿರುದ್ಧ ಕೋರ್ಟಿಗೆ ಹೋಯಿತು. ಜಾಹೀರಾತೊಂದು ಕಂಪ್ಯೂಟರನ್ನು ಪರೀಕ್ಷಿಸಿದಂತೆ ನಟಿಸಿ, ಇಲ್ಲದ ವೈರಸ್‌ಗಳನ್ನು ತೋರಿಸುತ್ತಿತ್ತು. ಹೆದರಿದವರಿಗೆ ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮುಂತಾದ ಹೆಸರಿನ ಸಾಫ್ಟ್‌ವೇರ್ ಮಾರಲಾಗುತ್ತಿತ್ತು. ಮೋಸ ಹೋದವರು 10 ಲಕ್ಷಕ್ಕೂ ಹೆಚ್ಚು ಎಂದು ಕಮಿಷನ್ ಹೇಳಿತು. 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರ್ ಪಾವತಿಸುವಂತೆ ತೀರ್ಪು ಕೊಟ್ಟಿತು.

ಹೆಸರಾಂತ ಅಂಗಡಿ ಎಂದು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. 2019ರಲ್ಲಿ ‘ಆಫೀಸ್ ಡಿಪೋ’ ಮತ್ತು ಅದಕ್ಕೆ ಸಾಫ್ಟ್‌ವೇರ್ ಒದಗಿಸಿದ ‘ಸಪೋರ್ಟ್ ಡಾಟ್ ಕಾಮ್’ ಇಂಥದೇ ಆರೋಪ ಎದುರಿಸಿ, ಒಟ್ಟು 3.5 ಕೋಟಿ ಡಾಲರ್ ಕೊಟ್ಟು ರಾಜಿಯಾದವು. ಪರೀಕ್ಷೆಗೆ ಮೊದಲು ಗ್ರಾಹಕರಿಗೆ ನಾಲ್ಕು ಪ್ರಶ್ನೆ ಕೇಳಲಾಗುತ್ತಿತ್ತು: ಕಂಪ್ಯೂಟರ್ ನಿಧಾನವೇ, ಆಗಾಗ ನಿಲ್ಲುತ್ತದೆಯೇ, ಹೀಗೆ. ಒಂದಕ್ಕೆ ‘ಹೌದು’ ಎಂದರೂ ಸಾಕು, ಮಾಲ್‌ವೇರ್ ಲಕ್ಷಣ ಇದೆ ಎಂಬ ಫಲಿತಾಂಶ ಬರುತ್ತಿತ್ತು ಎಂಬುದು ಆರೋಪ. ರೋಗಿಯ ನಾಡಿ ಹಿಡಿಯದೆಯೇ ಔಷಧ ಬರೆದಂತಾಯಿತು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಬ್ರೌಸರ್‌ನಲ್ಲಿ ತೆರೆದ ಯಾವುದೋ ಪುಟ ನಮ್ಮ ಕಂಪ್ಯೂಟರನ್ನು ಪರೀಕ್ಷಿಸಲಾರದು. ಅಲ್ಲಿ ಓಡುವ ‘ಸ್ಕ್ಯಾನ್’ ಬರೀ ಚಿತ್ರ. ಆ ಪುಟ ಮುಚ್ಚಿದರೆ ಸಾಕು. ಪರದೆಯ ಮೂಲೆಯಲ್ಲಿ ಮತ್ತೆ ಮತ್ತೆ ಎಚ್ಚರಿಕೆ ಬರುತ್ತಿದ್ದರೆ, ಎಂದೋ ಒಂದು ಸೈಟಿಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದೇವೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ತೆಗೆಯಬೇಕು. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಉಚಿತವಾಗಿಯೇ ಇದೆ. ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರಿಂದ ಉಚಿತ ಸಾಧನಗಳನ್ನು ಕೊಡುತ್ತಿದೆ. ‘ಮೊದಲು ಡಿಫೆಂಡರ್ ಆಫ್ ಮಾಡಿ’ ಎನ್ನುವ ಕ್ರ್ಯಾಕ್ ಸಾಫ್ಟ್‌ವೇರ್ ಸಹವಾಸವೇ ಬೇಡ. ಕಾವಲುಗಾರನನ್ನು ಮಲಗಿಸಿ ಎನ್ನುವವನು ಯಾಕೆ ಬಂದಿದ್ದಾನೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೈಲ್‌ಗಳನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ಆ ಶಾರ್ಟ್‌ಕಟ್‌ಗಳನ್ನು ಒತ್ತದೆ ಲ್ಯಾಬ್ ಸಹಾಯಕರಿಗೆ ತೋರಿಸಿದರೆ ಫೈಲ್‌ಗಳು ಮರಳಿ ಸಿಗುವ ಸಾಧ್ಯತೆ ಹೆಚ್ಚು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇದೆಲ್ಲ ಗೊತ್ತಿದ್ದರೂ ವಿದ್ಯಾರ್ಥಿಗಳು ಗುಟ್ಟಾಗಿ ಏನೇನೋ ಡೌನ್‌ಲೋಡ್ ಮಾಡುವುದೇಕೆ? ಬೈಗುಳದ ಭಯ. ‘ಏನು ನೋಡಲು ಹೋಗಿದ್ದೆ?’ ಎಂಬ ಪ್ರಶ್ನೆ ಮೊದಲು ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಮೋಸಗಾರರಿಗೆ ಬೇಕಾಗಿರುವುದು ಇದೇ, ಹೆದರಿ ಒಂಟಿಯಾಗಿ ಕುಳಿತ ಗ್ರಾಹಕ.

ಪೆನ್‌ಡ್ರೈವ್‌ಗಳನ್ನೇ ನಿಷೇಧಿಸಿದರಾಯಿತಲ್ಲ ಎನ್ನುವವರಿದ್ದಾರೆ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ವಿದ್ಯಾರ್ಥಿಗೆ ಪ್ರಾಜೆಕ್ಟ್ ಒಯ್ಯಲು ಇರುವ ದಾರಿ ಅದೊಂದೇ. ನಿಷೇಧದ ಹೊರೆ ಬೀಳುವುದು ಅವರ ಮೇಲೆಯೇ. ಅದರ ಬದಲು ಕಾಲೇಜು ಮೂರು ಕೆಲಸ ಮಾಡಲಿ. ಲ್ಯಾಬಿನ ಒಂದು ಕಂಪ್ಯೂಟರನ್ನು ಪೆನ್‌ಡ್ರೈವ್ ಪರೀಕ್ಷೆಗೇ ಮೀಸಲಿಟ್ಟು, ನೆಟ್‌ವರ್ಕ್‌ಗೆ ಸೇರಿಸದೆ ಇಡಲಿ. ನಂಬಬಹುದಾದ ಸಾಧನಗಳ ಹೆಸರುಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಲಿ. ತಾವಾಗಿಯೇ ಬಂದು ಹೇಳಿದವರಿಗೆ ದಂಡವೂ ಇಲ್ಲ, ಬೈಗುಳವೂ ಇಲ್ಲ ಎಂದು ಉಪನ್ಯಾಸಕರು ತರಗತಿಯಲ್ಲೇ ಹೇಳಲಿ. ಮೊದಲೆರಡಕ್ಕೆ ಖರ್ಚು ಅಲ್ಪ, ಮೂರನೆಯದಕ್ಕೆ ಖರ್ಚೇ ಇಲ್ಲ. ಪ್ರಾಯೋಗಿಕ ಪರೀಕ್ಷೆಗಳು ಶುರುವಾಗುವ ಮೊದಲೇ ಇದು ಜಾರಿಗೆ ಬರಲಿ ಎಂಬುದು ನನ್ನ ವಿನಂತಿ.